ರೊಟ್ಟಿ ಒಂದು, ಪಲ್ಯ ಬೇರೆ

ಒಂದೇ ಒಲೆಯ ಅಡಿಗೆ ಉಣ್ಣುವವರೆಲ್ಲ ಒಂದು ಕುಟುಂಬ. ಗಣತಿಗೆ ಹೊರಟಾಗ ನಮಗೆ ಕೊಟ್ಟ ನಿಯಮ ಇದು. ಹೊನವಾಡದ ಒಂದು ಮನೆಯಲ್ಲಿ ಇಬ್ಬರು ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು, ರೊಟ್ಟಿ ಬಡಿಯುತ್ತ ಕೂತಿದ್ದರು. ಒಲೆ ಎಷ್ಟು ಎಂದು ಕೇಳಿದೆ.

"ರೊಟ್ಟಿಗೆ ಒಂದ್ರಿ, ಪಲ್ಯಾಕ್ಕ ಬ್ಯಾರೆ ಬ್ಯಾರೆ," ಅಂದಳು ಅರವತ್ತರ ದೊಡ್ಡಾಕೆ. "ಇಕಿ ಗಡಿ ಮ್ಯಾಲಿನ ಕನಮಡಿ ಊರಾಕಿ, ಪಲ್ಯಾದಾಗ ಬೆಲ್ಲಾ ಹಾಕ್ತಾಳ!"

"ಅಕ್ಕನ ಖಾರಾ ತಿಂದ್ರ ಕಿವ್ಯಾಗ ಹೊಗಿ ಬರ್ತೈತ್ರಿ," ಅಂದಳು ಸಣ್ಣಾಕೆ.

ಗಣತಿ ತುಂಬುವ ಮೊಬೈಲಿನಲ್ಲಿ ಇದಕ್ಕೆ ಜಾಗವಿರಲಿಲ್ಲ. ಎರಡು ಕುಟುಂಬ ಎಂದು ಒತ್ತಲು ಹೋದೆ. ದೊಡ್ಡಾಕೆ ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದಳು.

"ಬ್ಯಾಡ್ರಿ ಅಕ್ಕಾರ. ಸರಕಾರನ ಎರಡ ಅಂದ್ರ, ನಾಳಿ ಗಂಡಸರು ನಡುವ ಗ್ವಾಡಿ ಎಬ್ಬಸ್ತಾರ. ಆಮ್ಯಾಲ ನಾ ಯಾರ ಕೂಡ ಜಗಳಾಡ್ಲಿ?"

ಬಬಲೇಶ್ವರದ ನಮ್ಮ ಅಜ್ಜಿಯ ಮನೆ ನೆನಪಾಯಿತು. ಅಲ್ಲಿ ನಡುವೆ ಗೋಡೆ ಎದ್ದ ಮೇಲೂ ಚಿಗವ್ವ ರೊಟ್ಟಿ ಬಡಿಯುವ ಸಪ್ಪಳ ಆಚೆಯಿಂದ ಕೇಳುತ್ತಿತ್ತು. ಆ ರೊಟ್ಟಿ ಮಾತ್ರ ನನ್ನ ತಾಟಿಗೆ ಮತ್ತೆ ಬರಲಿಲ್ಲ.

'ಒಂದು' ಎಂದೇ ಒತ್ತಿದೆ.

ಅದೇ ವಾರ ವಿಜಯಪುರದ ನಮ್ಮ ಮನೆಗೆ ಬಂದ ಗಣತಿಯವಳು ಏನೂ ಕೇಳದೆ 'ಒಂದು' ಒತ್ತಿಕೊಂಡು ಹೋದಳು. ನಮ್ಮಲ್ಲಿ ಒಲೆ ಒಂದೇ; ಇರುವ ಮೂರು ಜನ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಣ್ಣುತ್ತೇವೆ.