ತಡವಳದಲ್ಲಿ ರುಕ್ಮಾ ಆಡಿದ ಮಾತು

ಸೊಲ್ಲಾಪುರದಿಂದ ನಮ್ಮ ಎಸ್.ಟಿ. ಬಸ್ಸು ಹೊರಟಾಗ ಬಿಸಿಲು ಆಗಲೇ ಏರಿತ್ತು. ಹೆಂಗಸರಿಗೆ ಅರ್ಧ ಟಿಕೀಟು. ಅಕ್ಕಲಕೋಟದವರೆಗೆ ಸುಮಾರು ನಲವತ್ತು ಕಿಲೋಮೀಟರು. ನಾನು ವಿಜಯಪುರದಲ್ಲಿ ಮಕ್ಕಳಿಗೆ ಮಾತು ಕಲಿಸುವ ಥೆರಪಿಸ್ಟ್. ಪಕ್ಕದಲ್ಲಿದ್ದ ಗೆಳತಿ ಅಂಜಲಿಗೆ ಸೊಲ್ಲಾಪುರದಲ್ಲಿ ಇದೇ ಕೆಲಸ. ಆದರೆ ಅವಳಿಗೆ ಕನ್ನಡ ಬಾರದು, ಮರಾಠಿಯೇ ಎಲ್ಲ.

ಅಕ್ಕಲಕೋಟದಾಚೆ ತಡವಳವೆಂಬ ಹಳ್ಳಿಯ ಐದು ವರ್ಷದ ರುಕ್ಮಾಳಿಗೆ ಆಟಿಸಂ; ಮನೆಮಾತು ಕನ್ನಡ. ಆರು ತಿಂಗಳಿಂದ ತಾಯಿ ಶಾಂತಾಬಾಯಿ ಅವಳನ್ನು ವಾರವಾರ ಅಂಜಲಿಯ ಬಳಿ ಕರೆತರುತ್ತಿದ್ದಳು. ಚಿಕಿತ್ಸೆಯಿಂದ ಎಷ್ಟು ಸುಧಾರಿಸಿದ್ದಾಳೆಂದು ನೋಡಲು ಚಿತ್ರ ತೋರಿಸಿ ಮರಾಠಿಯಲ್ಲಿ ಹೆಸರು ಕೇಳಿದರೆ ಹುಡುಗಿ ಬಾಯಿ ಬಿಡಲಿಲ್ಲ. ಅಂಕ ಮೊದಲಿದ್ದಲ್ಲೇ ಇತ್ತು. ಹೀಗಾದರೆ ಚಿಕಿತ್ಸೆಯಲ್ಲಿ ಅವಳ ಜಾಗ ಕಾಯುತ್ತಿರುವ ಬೇರೆ ಮಗುವಿಗೆ ಹೋಗುತ್ತಿತ್ತು. ಮನೆಯಲ್ಲಿ ಹೇಗಿದ್ದಾಳೆಂದು ನೋಡದೆ ಹಾಗೆ ಮಾಡಲು ಅಂಜಲಿಗೆ ಮನಸ್ಸಾಗಲಿಲ್ಲ. ಕನ್ನಡಕ್ಕೆಂದು ನನ್ನನ್ನು ಕರೆಸಿಕೊಂಡಿದ್ದಳು.

ಅಕ್ಕಲಕೋಟದಲ್ಲಿ ಯಾತ್ರಿಕರ ನೂಕುನುಗ್ಗಲಿನ ನಡುವೆ ಚಹಾ ಕುಡಿದು ಬಸ್ಸು ಬದಲಿಸಿದೆವು. ತಡವಳದಲ್ಲಿ ಶಾಂತಾಬಾಯಿ ರಸ್ತೆಗೇ ಬಂದು ನಿಂತಿದ್ದಳು. "ಬರ್ರಿ ಅಕ್ಕಾರ, ಮದ್ಲ ಊಟ ಮಾಡ್ರಿ" ಎಂದು ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದಳು. ರುಕ್ಮಾ ನಮ್ಮತ್ತ ತಿರುಗಿಯೂ ನೋಡದೆ ಅಂಗಳದಲ್ಲಿ ಕುರಿಮರಿಗಳ ಹಿಂದೆ ಓಡುತ್ತಿದ್ದಳು.

ನಾವು ಉಣ್ಣುತ್ತಿದ್ದಾಗಲೇ ಅವಳು ಚೀರಿದಳು. ಅಂಜಲಿ ದಡಕ್ಕನೆ ಎದ್ದಳು. ಮೊದಮೊದಲು ಹೀಗೆ ಚೀರಿದಾಗಲೆಲ್ಲ ರುಕ್ಮಾ ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದಳಂತೆ. ಶಾಂತಾಬಾಯಿ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಎಲ್ಲಿ ನೋಯಾಕತ್ತೈತಿ, ಅವ್ವಾ?"

ರುಕ್ಮಾ ಅಳುತ್ತಲೇ ಪಾದ ಎತ್ತಿದಳು. "ಮುಳ್ಳ... ತಗಿ."

ಜಾಲಿಯ ಮುಳ್ಳು. ತಾಯಿ ಕಿತ್ತು ಬಿಸಾಡಿದಳು. ಹುಡುಗಿ ಮತ್ತೆ ಮರಿಗಳತ್ತ ಓಡಿದಳು.

"ಕಾಯ್ ಮ್ಹಣಾಲಿ?" ಏನಂದಳು ಎಂದು ಅಂಜಲಿ ನನ್ನ ತೋಳು ಹಿಡಿದು ಕೇಳಿದಳು. ಹೇಳಿದೆ. ಅವಳ ಕಣ್ಣು ತುಂಬಿ ಬಂತು.

"ಮದ್ಲೆಲ್ಲಾ ರಾತ್ರಿಯಿಡೀ ಅಳಾಕಿ, ಯಾಕಂತ ತಿಳೀತಿದ್ದಿಲ್ರಿ. ನೋವಿದ್ದಲ್ಲಿ ಕೈ ಇಡೂದು ಈ ಮ್ಯಾಡಂ ಅವ್ರ ಕಲಿಸ್ಯಾರ. ನಾ ಮಾತು ಕೂಡಿಸೀನಿ. ಈಗ ಹೊಟ್ಟಿ ಅಂತಾಳ, ಕಿವಿ ಅಂತಾಳ," ಎಂದಳು ಶಾಂತಾಬಾಯಿ.

"ಮತ್ತ ಸೊಲ್ಲಾಪುರದಾಗ ಯಾಕ ಹೇಳಲಿಲ್ಲ?" ಎಂದು ನಾನು ಕೇಳಿದೆ.

"ಅಲ್ಲಿ ಚಿತ್ರದ್ದು ಕೇಳ್ತಾರ್ರಿ, ನೋವಿಂದ್ ಕೇಳಂಗಿಲ್ಲ."

ಅಂಜಲಿ ತಂದಿದ್ದ ಅದೇ ಚಿತ್ರಗಳನ್ನು ನಾನು ಅಂಗಳದಲ್ಲೇ ತೋರಿಸಿ ಕನ್ನಡದಲ್ಲಿ ಕೇಳಿದೆ. ರುಕ್ಮಾ ಕುರಿ, ನೀರು, ಚಪ್ಪಲಿ ಎಂದಳು, ಉಳಿದವಕ್ಕೆ ಸುಮ್ಮನಿದ್ದಳು. ದಾರಿ ಇನ್ನೂ ಉದ್ದವಿತ್ತು. ಆದರೆ ಅಂಜಲಿ ಅಲ್ಲೇ ತೀರ್ಮಾನಿಸಿದಳು: ರುಕ್ಮಾಳ ಜಾಗ ರುಕ್ಮಾಳದೇ. ಇನ್ನು ಮೇಲೆ ಪ್ರತಿ ಮಗುವನ್ನೂ ಮನೆಮಾತಿನಲ್ಲೇ ಪರೀಕ್ಷಿಸುವುದು, ಮನೆಯವರಿಗೆ ಮುಖ್ಯವಾದದ್ದನ್ನು ಮೊದಲು ಕೇಳುವುದು.

ಮರಳುವ ಬಸ್ಸಿನಲ್ಲಿ ಅವಳು ನನ್ನಿಂದ ಒಂದು ಸಾಲು ಹೇಳಿಸಿಕೊಂಡು ಗಟ್ಟಿಯಾಗಿ ಕಲಿಯತೊಡಗಿದಳು: "ಎಲ್ಲಿ ನೋಯಾಕತ್ತೈತಿ? ಎಲ್ಲಿ ನೋಯಾಕತ್ತೈತಿ?"

ಮುಂದಿನ ಸೀಟಿನ ಮುದುಕಿ ಹಿಂದೆ ತಿರುಗಿ ನೋಡಿದಳು.

"ಮೊಣಕಾಲ ನೋಡವಾ," ಎಂದಳು, "ಎರಡೂ."