ನೂರ ಎಪ್ಪತ್ತೇಳನೆಯ ಪುಟ

1986ರ ಜುಲೈ 14, ಸೋಮವಾರ, ಸಂಜೆ 6-20. ಅಪ್ಪನಿಗೆ ಆ ಪುಸ್ತಕ ಓದಿ ಹೇಳಲು ಶುರು ಮಾಡಿದ್ದು ಆಗ. ಡೈರಿಯಲ್ಲಿ ಅದರ ಮುಂದೆ ‘10 ಪುಟ, ಕೆಮ್ಮು 4 ಸಲ’ ಎಂದಿದೆ.

ಆಗ ನನಗೆ ಇಪ್ಪತ್ತೆರಡು ವರ್ಷ. ರಾಜಾಜಿನಗರದ ಒಂದು ಅಚ್ಚುಕೂಟದಲ್ಲಿ ಕಾಪಿ ಹೋಲ್ಡರ್ ಆಗಿದ್ದೆ. ಅಂದರೆ ನಾನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಎದುರಿಗೆ ಕೂತ ಪ್ರೂಫ್ ರೀಡರ್ ಅಚ್ಚಿನ ಹಾಳೆಯಲ್ಲಿ ತಪ್ಪು ಹುಡುಕಬೇಕು. ಕಾಮಾ, ಫುಲ್‌ಸ್ಟಾಪ್, ಪ್ಯಾರಾ ಎಲ್ಲವನ್ನೂ ಬಾಯಲ್ಲೇ ಹೇಳಬೇಕು. ಓದುತ್ತಿದ್ದದ್ದು ಮತದಾರರ ಪಟ್ಟಿ, ಟೆಂಡರ್ ನೋಟೀಸು, ಸಹಕಾರ ಸಂಘದ ವರದಿ. ಅರ್ಥ ಮಾಡಿಕೊಳ್ಳಲು ಹೋದರೆ ವೇಗ ತಗ್ಗುತ್ತದೆ, ಹಾಗಾಗಿ ಅರ್ಥ ಬಿಟ್ಟು ಓದುವುದನ್ನು ಕಲಿತೆ. ಕಲಿತದ್ದು ಮನೆಗೂ ಬಂತು. ನನ್ನ ಡೈರಿಗಳ ಕೊನೆಯ ಹಾಳೆಯಲ್ಲಿ ‘ಓದಿದ್ದು’ ಎಂಬ ಪಟ್ಟಿ ಇರುತ್ತದೆ. 1983ರಲ್ಲಿ 71 ಪುಸ್ತಕ. ಕೆಲಸಕ್ಕೆ ಸೇರಿದ 1984ರಲ್ಲಿ 9. 1985ರಲ್ಲಿ ಒಂದೂ ಇಲ್ಲ.

ಅಪ್ಪ ಕಾಮಾಕ್ಷಿಪಾಳ್ಯದ ಒಂದು ವರ್ಕ್‌ಶಾಪಿನಲ್ಲಿ ಹತ್ತೊಂಬತ್ತು ವರ್ಷ ಗ್ರೈಂಡಿಂಗ್ ಕೆಲಸ ಮಾಡಿದ್ದರು. ಆ ಧೂಳು ಶ್ವಾಸಕೋಶದಲ್ಲಿ ಕೂತಿತ್ತು. ದೀಪಾವಳಿ ನೋಡುವುದು ಕಷ್ಟ ಎಂದು ಡಾಕ್ಟರು ನನಗೂ ಅಮ್ಮನಿಗೂ ಹೇಳಿದ್ದರು. ಅಪ್ಪನಿಗೆ ಯಾರೂ ಹೇಳಲಿಲ್ಲ, ಅವರಿಗೆ ಗೊತ್ತಿತ್ತು. ಹಗಲೆಲ್ಲ ಮಂಚದ ಮೇಲೆ ದಿಂಬಿಗೆ ಒರಗಿ ಗೋಡೆ ನೋಡುತ್ತಿದ್ದರು.

ನಮ್ಮ ಪ್ರೂಫ್ ರೀಡರ್‌ಗೆ ಈ ವಿಷಯ ತಿಳಿದು, ರದ್ದಿ ಅಂಗಡಿಯಿಂದ ತಂದ ಒಂದು ಪುಸ್ತಕ ಕೊಟ್ಟರು. ರಟ್ಟು ಇರಲಿಲ್ಲ, ಹೆಸರಿನ ಪುಟವೂ ಹರಿದುಹೋಗಿತ್ತು. “ಜಪಾನಿಂದಂತೆ, ಯಾರೋ ಕನ್ನಡಕ್ಕೆ ಮಾಡಿದಾರೆ. ನಾನು ಅರ್ಧಕ್ಕೇ ಬಿಟ್ಟೆ, ಏನೂ ಆಗೋದೇ ಇಲ್ಲಮ್ಮ ಅದ್ರಲ್ಲಿ. ಮಲಗಿರೋರಿಗೆ ಒಳ್ಳೇದು,” ಅಂದರು.

ಮೊದಲ ಸಂಜೆ ಅಚ್ಚುಕೂಟದ ಅಭ್ಯಾಸದಲ್ಲೇ ಓದಿದೆ. “ಹಿಮ ಬೀಳುವ ಊರು ಕಾಮಾ ಸೇತುವೆಯ ಪಕ್ಕದಲ್ಲಿ ಕೊಡೆ ಅಂಗಡಿ ಫುಲ್‌ಸ್ಟಾಪ್.”

ಅಪ್ಪ ಎರಡು ತಿಂಗಳಲ್ಲಿ ಮೊದಲ ಸಲ ನಕ್ಕರು. ನಗು ಕೆಮ್ಮಾಯಿತು. ಸುಧಾರಿಸಿಕೊಂಡು, “ಫುಲ್‌ಸ್ಟಾಪ್ ನಾನೇ ಹಾಕ್ಕೋತೀನಿ ಕಣಮ್ಮ. ನೀನು ಕಥೆ ಓದು,” ಅಂದರು.

ಕಥೆ ಇಷ್ಟೇ. ಒಬ್ಬ ಮುದುಕ, ಅವನ ಹೆಂಡತಿ. ಬಿದಿರು, ಎಣ್ಣೆ ಹಚ್ಚಿದ ಕಾಗದದಿಂದ ಕೊಡೆ ಮಾಡುತ್ತಾರೆ, ಮುರಿದದ್ದನ್ನು ರಿಪೇರಿ ಮಾಡುತ್ತಾರೆ. ಹನ್ನೊಂದು ವರ್ಷದ ಹಿಂದೆ ಒಬ್ಬ ಮೇಷ್ಟ್ರು ರಿಪೇರಿಗೆ ಕೊಟ್ಟು ಹೋದ ಕೊಡೆಯೊಂದು ಮೂಲೆಯಲ್ಲಿದೆ. ಮೇಷ್ಟ್ರು ಮತ್ತೆ ಬಂದಿಲ್ಲ. ಪ್ರತಿ ವರ್ಷ ಹಿಮಕ್ಕೆ ಮುಂಚೆ ಮುದುಕ ಅದನ್ನು ಬಿಚ್ಚಿ, ಒಣಗಿಸಿ, ಹೊಸದಾಗಿ ಎಣ್ಣೆ ಹಚ್ಚಿ ಮಡಚಿಡುತ್ತಾನೆ. ಹೆಂಡತಿ ಬೈಯುತ್ತಾಳೆ, ಆಮೇಲೆ ಅವಳೇ ದಾರ ಹಿಡಿದು ಕೂರುತ್ತಾಳೆ.

“ಸರಿಯಾದ ಕೆಲಸಗಾರ,” ಅಂದರು ಅಪ್ಪ. “ನಮ್ಮಲ್ಲೂ ಹಿಂಗೇ ಎಷ್ಟೋ ಬಿದ್ದಿರ್ತಿತ್ತು. ಓನರ್ರು ಆರು ತಿಂಗಳಿಗೆ ಗುಜರಿಗೆ ಹಾಕ್ಸೋರು. ಈ ಮೇಷ್ಟ್ರು ಬರ್ತಾನಾ ಅಂತ?”

“ಈಗ್ಲೇ ಹೇಳ್ಬಿಟ್ರೆ?”

“ಬೇಡ ಬೇಡ. ಸಾಲಾಗಿ ಬಾ.”

ಜುಲೈ 26ರ ಹೊತ್ತಿಗೆ ಹನ್ನೊಂದು ಸಂಜೆ, 112 ಪುಟ. ಎರಡು ದಿನ ಉಸಿರಾಟದ ತೊಂದರೆಯಿಂದ ಓದಲಿಲ್ಲ. 27ರ ಭಾನುವಾರ ಬೆಳಗ್ಗೆ ಒಲೆಯ ಮುಂದೆ ನಿಂತು ಮುಂದಿನ ಪುಟ ತೆಗೆದೆ, ಸುಮ್ಮನೆ, ಸಂಜೆಗೆ ಕಷ್ಟದ ಪದ ಇದೆಯೇ ನೋಡಲು. ಅಮ್ಮ ಹಿತ್ತಿಲಿನಿಂದ ಕೂಗಿದಾಗ ನಾನು 140ನೇ ಪುಟದಲ್ಲಿದ್ದೆ.

“ಅನ್ನ ಸೀದು ವಾಸನೆ ಬೀದಿಗ್ ಬಂದಿದೆ ಕಣೇ! ಎಲ್ಲಿದೀಯ ನೀನು?”

ಎಲ್ಲಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಎರಡು ವರ್ಷದ ನಂತರ ಮೊದಲ ಸಲ ಸಾಲುಗಳ ಹಿಂದೆ ಮನುಷ್ಯರು ಕಂಡಿದ್ದರು. ಸೀದ ಪಾತ್ರೆಗೆ ನೀರು ಸುರಿದು ಬಾಗಿಲ ಮೆಟ್ಟಿಲ ಮೇಲೆ ಕೂತು ಉಳಿದದ್ದನ್ನೂ ಓದಿದೆ. 176ನೇ ಪುಟದ ಕೊನೆಯಲ್ಲಿ ಅಂಗಡಿಯ ಬಾಗಿಲು ಸರಿದ ಸದ್ದಾಗುತ್ತದೆ. ಮುದುಕ ಕನ್ನಡಕ ಹುಡುಕುತ್ತಾನೆ. ಪುಟ ತಿರುಗಿಸಿದರೆ 97.

ಅಚ್ಚುಕೂಟದಲ್ಲಿ ಇರುವವರಿಗೆ ಇದು ತಕ್ಷಣ ತಿಳಿಯುತ್ತದೆ. ಪುಸ್ತಕ ಹದಿನಾರು ಪುಟಗಳ ಫಾರಂಗಳಾಗಿ ಅಚ್ಚಾಗುತ್ತದೆ. ಬೈಂಡಿಂಗ್‌ನವರು ಒಂದೊಂದು ರಾಶಿಯಿಂದ ಒಂದೊಂದು ಫಾರಂ ಎತ್ತಿ ಜೋಡಿಸುತ್ತಾರೆ. ಯಾರದೋ ಕೈ ತಪ್ಪಿ, ಹನ್ನೆರಡನೆಯ ಫಾರಂ ಬದಲು ಏಳನೆಯದು ಎರಡನೇ ಸಲ ಬಂದಿತ್ತು. 97ರಿಂದ 112 ಎರಡು ಸಲ ಇತ್ತು. ಕೊನೆ ಇರಲಿಲ್ಲ.

ಆ ಸಂಜೆಯಿಂದ ದಿನಕ್ಕೆ ನಾಲ್ಕೇ ಪುಟ ಓದಿದೆ. 64 ಪುಟ, ಹದಿನಾರು ದಿನ. ಅಷ್ಟರಲ್ಲಿ ಇನ್ನೊಂದು ಪ್ರತಿ ಹುಡುಕಬೇಕಿತ್ತು. ವಿಜಯನಗರ, ಬಸವೇಶ್ವರನಗರದ ನಾಲ್ಕು ಸರ್ಕ್ಯುಲೇಟಿಂಗ್ ಲೈಬ್ರರಿ, ಮಾಗಡಿ ರಸ್ತೆಯ ಆರು ರದ್ದಿ ಅಂಗಡಿ ಸುತ್ತಿದೆ. “ಹೆಸರಿಲ್ಲ, ಬರೆದೋರು ಗೊತ್ತಿಲ್ಲ. ಪೊಲೀಸ್ ಕಂಪ್ಲೇಂಟ್ ಕೊಡ್ರಮ್ಮ, ಕಾಣೆಯಾಗಿದೆ ಅಂತ,” ಎಂದ ಒಬ್ಬ ಲೈಬ್ರರಿಯವನು.

ಆಗಸ್ಟ್ 11ಕ್ಕೆ 176 ಮುಗಿಯಿತು. 12ರ ಸಂಜೆ ಏನೂ ತೋಚದೆ 97ನೇ ಪುಟವನ್ನೇ ಓದತೊಡಗಿದೆ. ಅಪ್ಪನಿಗೆ ಆಗ ಹಗಲಿಡೀ ಮಂಪರು, ಗೊತ್ತಾಗಲಿಕ್ಕಿಲ್ಲ ಎಂದುಕೊಂಡೆ. ಮೂರನೇ ಸಾಲಿಗೆ ಕೈ ಎತ್ತಿದರು.

“ಇದು ಆಗ್ಲೇ ಆಯ್ತಲ್ಲಮ್ಮ. ಬಾಗಿಲು ತೆಗೆದೋರು ಯಾರು?”

ಹೇಳಿದೆ. ಫಾರಂ, ರಾಶಿ, ಕೈತಪ್ಪು, ಎಲ್ಲ. ಅವರು ಬೈಯಲಿಲ್ಲ. “ಹಂಗಾದ್ರೆ ಇನ್ಯಾವುದೋ ಪುಸ್ತಕದಲ್ಲಿ ಕೊನೇದು ಎರಡು ಸಲ ಇರ್ಬೇಕಲ್ಲ,” ಅಂದರು.

“ಮೇಷ್ಟ್ರೇ ಬಂದ ಅಂತ ಅನ್ಕೊಳ್ಳೋಣ ಅಪ್ಪ.”

“ನಾವು ಅನ್ಕೊಂಡ್ರೆ ಅದು ನಮ್ಮ ಕಥೆ. ಅವ್ರು ಏನ್ ಬರ್ದಿದಾರೋ ಅದು ಬೇಕು. ಹುಡುಕು.”

ಆಮೇಲಿನ ದಿನಗಳಲ್ಲಿ “ಸಿಕ್ತಾ?” ಎಂದು ಐದು ಸಲ ಕೇಳಿದರು. ಕೊನೆಯ ಸಲ 18ರ ಸಂಜೆ. ಸಿಕ್ಕಿತು ಎಂದು ಹೇಳಿ ಬಿಳಿ ಹಾಳೆ ನೋಡಿ ಓದಿಬಿಡಬಹುದಿತ್ತು. “ಇನ್ನೂ ಇಲ್ಲ,” ಅಂದೆ. ಅವರು ಗೋಡೆಯ ಕಡೆ ತಿರುಗಿದರು. ಮರುದಿನ ಮಂಗಳವಾರ ಬೆಳಗ್ಗೆ 7-10ಕ್ಕೆ ಉಸಿರು ನಿಂತಿತು. ಸುಳ್ಳು ಹೇಳದಿದ್ದದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ವರ್ಷ ಡಿಸೆಂಬರ್ ಕೊನೆಗೆ ‘ಓದಿದ್ದು’ ಪಟ್ಟಿಯಲ್ಲಿ 31 ಪುಸ್ತಕ. ಮರುವರ್ಷ 80. ಓದು ಮರಳಿ ಬಂತು, ಅದರಲ್ಲಿ ನನಗೆ ಸಂತೋಷವಿದೆ. ಅದು ಯಾವ ಮಂಚದ ಪಕ್ಕದಿಂದ ಬಂತು ಎಂಬುದನ್ನು ಮರೆಯಲಾಗುವುದಿಲ್ಲ. ಪಟ್ಟಿಯಲ್ಲಿ ಜಪಾನಿನ ಪುಸ್ತಕವನ್ನು ಇನ್ನೂ ಸೇರಿಸಿಲ್ಲ. ಮುಗಿಸದ್ದನ್ನು ನಾನು ಎಣಿಸುವುದಿಲ್ಲ.

ಇದನ್ನು ಓದುವವರಲ್ಲಿ ಯಾರ ಬಳಿಯಾದರೂ ಕೊಡೆ ಅಂಗಡಿಯ ಈ ಕಾದಂಬರಿ ಇದ್ದರೆ, ಅಥವಾ ಅದರ ಹೆಸರಾದರೂ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. 177ರಿಂದ 192ರವರೆಗಿನ ಪುಟಗಳನ್ನು ಕೈಯಲ್ಲಿ ನಕಲು ಮಾಡಿ ಕಳಿಸಿದರೂ ಸಾಕು. ನಿಮ್ಮ ಪ್ರತಿಯಲ್ಲಿ 97ರಿಂದ 112 ಇಲ್ಲದಿದ್ದರೆ ತಿಳಿಸಿ, ನನ್ನಲ್ಲಿ ಒಂದು ಹೆಚ್ಚಿಗೆ ಇದೆ.