ದೇವರ ಪಾಲಿಗೆ ಬಂದ ಎರಡು ಸಾಲು

ಡಬ್ಬಿಂಗ್ ಸ್ಟುಡಿಯೋದಲ್ಲಿ ಅವರನ್ನು ಎಲ್ಲರೂ ದೇವರು ಎಂದೇ ಕರೆಯುತ್ತಿದ್ದರು. "ದೇವ್ರು ಬಂದ್ರು, ಬಿಸಿನೀರು ಕೊಡ್ರೋ" ಎಂದು ಬಾಗಿಲಲ್ಲೇ ಕೂಗು ಏಳುತ್ತಿತ್ತು. ಅದರಲ್ಲಿ ಗೇಲಿ ಎಷ್ಟು, ಗೌರವ ಎಷ್ಟು ಎಂದು ಅವರು ಅಳೆಯಲು ಹೋಗಿರಲಿಲ್ಲ. ಟೀವಿ ಹೊಸದಾಗಿದ್ದ ಕಾಲದಲ್ಲಿ ಒಂದು ಭಕ್ತಿ ಧಾರಾವಾಹಿ ವಾರ ವಾರ ಬರುತ್ತಿತ್ತು. ಅದರಲ್ಲಿ ದೇವರ ಮುಖ ಯಾರದ್ದೋ, ದನಿ ಇವರದ್ದು. ಮುಖದವನು ಮನೆ ಕಟ್ಟಿಸಿದ, ಕಾರು ಕೊಂಡ. ದನಿಯವರು ಬಾಡಿಗೆ ಮನೆಯಲ್ಲೇ ಉಳಿದರು. ಆದರೆ ಒಮ್ಮೆ ಮಾರುಕಟ್ಟೆಯಲ್ಲಿ "ಬದನೆಕಾಯಿ ಹೇಗಮ್ಮಾ?" ಎಂದು ಇವರು ಕೇಳಿದ್ದಕ್ಕೆ ಮಾರುವವಳು ತಕ್ಕಡಿ ಕೆಳಗಿಟ್ಟು ಕೈ ಮುಗಿದುಬಿಟ್ಟಿದ್ದಳು. ಆ ಮುಗಿದ ಕೈಗಳನ್ನು ನೆನೆಸಿಕೊಂಡೇ ಅವರು ಮುಂದಿನ ಆಯುಷ್ಯವನ್ನೆಲ್ಲ ದೂಡಿದರು.

ಹೆಂಡತಿಗೆ ಮಾತ್ರ ಈ ದೈವತ್ವದ ಮೇಲೆ ಕವಡೆ ಕಾಸಿನ ಭಕ್ತಿಯೂ ಇರಲಿಲ್ಲ. "ರೀ ದೇವ್ರೇ, ನಲ್ಲಿ ಸೋರ್ತಿದೆ, ಸ್ವಲ್ಪ ಅವತಾರ ಎತ್ತಿ" ಎನ್ನುವಳು. ಧಾರಾವಾಹಿ ಮುಗಿದ ಮೇಲೆ ಆ ದನಿ ಸಿಮೆಂಟಿಗೆ ದುಡಿಯಿತು, ಹಲ್ಲುಪುಡಿಗೆ ದುಡಿಯಿತು, ಕೊನೆಗೆ ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಸಾರಿ ಪ್ರಯಾಣಿಕರ ಗಮನ ಸೆಳೆಯುವ ಚಾಕರಿಗೆ ಸೇರಿತು. ಅಲ್ಲಿ ಆ ದನಿ ಕೇಳಿ ಗೆಳತಿಯರು ಆಡಿಕೊಂಡರೆಂದು ಮಗಳು ಕಾಲೇಜಿಗೆ ಬೇರೆ ದಾರಿ ಹಿಡಿದಿದ್ದಳು. ಈಗ ಅವಳು ವಿಮಾ ಕಂಪನಿಯಲ್ಲಿ ಅಧಿಕಾರಿ, ಗಂಡನ ಜೊತೆ ಬೇರೆ ಮನೆ. ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ "ರಿಟೈರ್ ಆಗಿದ್ದಾರೆ" ಎಂದು ಮಾತು ಮುಗಿಸುವಳು. ಅದು ಅವರ ಕಿವಿಗೂ ಬಿದ್ದಿತ್ತು. ಬಿದ್ದದ್ದು ಎದೆಗಿಳಿದು ಕೂತಿತ್ತು.

ಹಾಗಿರುವಾಗ ಆ ದೊಡ್ಡ ಚಿತ್ರ ಬಂತು. ಪುರಾಣವನ್ನು ಹಿಂದೆಂದೂ ಕಾಣದ ವೈಭವದಲ್ಲಿ ತೋರಿಸುತ್ತೇವೆ ಎಂದು ಹಣವನ್ನು ನೀರಿನಂತೆ ಸುರಿದಿದ್ದರು. ಪರದೆಯ ದೇವರಿಗೆ ದನಿ ಕೊಡಲು ಇವರನ್ನೇ ಕರೆಸಿದರು. ನಮ್ಮ ದೇವರು ಗಂಟಲಿಗಾಗಿ ಹಾಲು ಮೊಸರು ಬಿಟ್ಟರು. ಮೈಕಿನ ಮುಂದೆ ನಿಲ್ಲುವ ಮೊದಲು ಕೈಗಡಿಯಾರ, ಜೇಬಿನ ಚಿಲ್ಲರೆ, ಬೀಗದ ಕೈ ಎಲ್ಲ ಹೊರಗಿಟ್ಟು, ಚೂರೂ ಸದ್ದಾಗದಂತೆ ನಿಂತರು. ಮಗುವನ್ನು ಕಳೆದುಕೊಂಡ ತಾಯಿ "ಕರೆದಾಗ ಯಾಕೆ ಬರಲಿಲ್ಲ?" ಎಂದು ದೇವರನ್ನೇ ಕೇಳುವ ದೃಶ್ಯ. "ಅಳು ತಾಯೀ. ನಿನ್ನ ಅಳು ಮುಗಿಯುವವರೆಗೆ ನಾನು ಎದ್ದು ಹೋಗುವುದಿಲ್ಲ" ಎಂದರು. ಗಾಜಿನಾಚೆ ಸೌಂಡ್ ಇಂಜಿನಿಯರ್ ಕಣ್ಣೊರೆಸಿಕೊಂಡ.

ನಿರ್ದೇಶಕನಿಗೆ ಸಮಾಧಾನವಾಗಲಿಲ್ಲ. ಮಗಳ ಓರಗೆಯವನು. "ಸೂಪರ್ ಸಾರ್. ಆದ್ರೆ ಸ್ವಲ್ಪ ಫ್ರೆಂಡ್ ಥರ ಹೇಳ್ಬೋದಾ? ಈಗಿನ ಜನಕ್ಕೆ ದೇವ್ರು ಇಷ್ಟ ಆಗ್ಬೇಕು ಸಾರ್. ಭಯ ಭಕ್ತಿ ಎಲ್ಲ ಓಡಲ್ಲ."

"ಇಷ್ಟ ಆಗೋಕೆ ಐಸ್‌ಕ್ರೀಮ್ ಇದೆಯಲ್ಲಪ್ಪಾ. ಅದಕ್ಕೆ ಇಷ್ಟು ದುಡ್ಡು ಯಾಕೆ?"

ಅವನು ನಕ್ಕುಬಿಟ್ಟ. ವಾದಕ್ಕಿಳಿಯದೆ ನಗುವವರನ್ನು ಕಂಡರೆ ಹೆದರಬೇಕು ಎಂಬುದು ನಮ್ಮ ದೇವರಿಗೆ ಆಗ ಹೊಳೆಯಲಿಲ್ಲ. ಹೇಗೂ ಬಂದಿದ್ದೀರಿ ಎಂದು, ಚಿತ್ರದ ಆರಂಭದಲ್ಲಿ ಹಾಕುವ ಎರಡು ಸಾಲನ್ನೂ ಅವರಿಂದಲೇ ಓದಿಸಿಕೊಂಡರು: "ಈ ಚಿತ್ರದ ಎಲ್ಲ ಪಾತ್ರಗಳೂ ಘಟನೆಗಳೂ ಕೇವಲ ಕಾಲ್ಪನಿಕ. ಯಾರ ನಂಬಿಕೆಗೂ ನೋವುಂಟುಮಾಡುವ ಉದ್ದೇಶ ನಮಗಿಲ್ಲ." ಅದನ್ನೂ ಅವರು ದೇವರ ದನಿಯಲ್ಲೇ ಓದಿದರು. ಅಭ್ಯಾಸಬಲ.

ಬಿಡುಗಡೆಯ ಹೊತ್ತಿಗೆ ಓಣಿಯಿಡೀ ಡಂಗುರ ಸಾರಿ ಆಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಮಗಳೇ ಫೋನ್ ಮಾಡಿದಳು. "ಅಪ್ಪಾ, ನಮ್ಮ ಆಫೀಸಿನವ್ರೆಲ್ಲ ಬರ್ತಾರೆ. ಅದ್ರಲ್ಲಿ ದೇವ್ರು ನಮ್ಮಪ್ಪಾನೇ ಅಂತ ಹೇಳಿದ್ದೀನಿ." ಅವರು ಫೋನಿಟ್ಟು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತರು.

ಚಿತ್ರಮಂದಿರದಲ್ಲಿ ಒಂದು ಸಾಲು ಪೂರ್ತಿ ಇವರದ್ದೇ. ಮಗಳ ಕಡೆಯವರು ಆ ತುದಿಯಲ್ಲಿ, ಇವರು ಹೆಂಡತಿಯೊಂದಿಗೆ ಈ ತುದಿಯಲ್ಲಿ. ದೀಪ ಆರಿತು. ಮೊದಲಿಗೆ ಆ ಎರಡು ಸಾಲು ಮೊಳಗಿದವು. ಜನ ಇನ್ನೂ ಕಾಲು ತುಳಿದುಕೊಂಡು ಸೀಟು ಹುಡುಕುತ್ತಿದ್ದರು, ಪಾಪ್‌ಕಾರ್ನ್ ಕೈ ಬದಲಾಗುತ್ತಿತ್ತು. ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಇರಲಿ, ನಿಜವಾದ ದನಿ ಮುಂದಿದೆ ಎಂದು ಅವರು ಬೆನ್ನು ನೆಟ್ಟಗೆ ಮಾಡಿ ಕೂತರು.

ಪರದೆಯ ದೇವರು ಬಾಯಿ ತೆರೆದ. ಫೋನ್ ಕಂಪನಿಯ ಜಾಹೀರಾತಿನ ಹುಡುಗನ ದನಿ.

ಸಾಲಿನ ತಲೆಗಳೆಲ್ಲ ಇವರತ್ತ ತಿರುಗಿದವು, ಮಗಳದ್ದೊಂದು ಬಿಟ್ಟು. ತಾಯಿಯ ದೃಶ್ಯ ಬಂತು. "ಟೆನ್ಶನ್ ಬೇಡ ಅಮ್ಮಾ, ನಾನಿದ್ದೀನಲ್ಲ" ಎಂದ ದೇವರು. ಇಡೀ ಮಂದಿರ ಗೊಳ್ಳೆಂದಿತು. ಹೆಂಡತಿ ಅವರ ಮೊಣಕೈ ಹಿಡಿದುಕೊಂಡಳು. ಮೂದಲಿಸಿದ್ದರೆ ಎಷ್ಟೋ ವಾಸಿಯಿತ್ತು.

ಚಿತ್ರ ಮಕಾಡೆ ಮಲಗಿತು. ನಮ್ಮ ದೇವರ ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು. ಪತ್ರಿಕೆಗಳು ಬೈದದ್ದನ್ನು ಊಟದ ಹೊತ್ತಿಗೆ ಗಟ್ಟಿಯಾಗಿ ಓದುವರು. ಸಿಕ್ಕ ಸಿಕ್ಕವರೆದುರು ಒಂದೇ ರಾಗ: "ಈಗಿನ ಜನಕ್ಕೆ ಭಕ್ತಿ ಬೇಡ ಅನ್ನೋದು ಶುದ್ಧ ಸುಳ್ಳು. ನನ್ನ ದನಿ ಇದ್ದಿದ್ರೆ ಎದ್ದು ನಿಂತು ಕೈ ಮುಗೀತಿದ್ರು." ಓಣಿಯವರು ಹೌದೌದು ಎನ್ನುವರು. ಅನ್ನದೆ ಇನ್ನೇನು ಮಾಡಿಯಾರು?

ಭಾನುವಾರ ಬಂದ ಮಗಳು ಅದನ್ನೇ ಎರಡು ಸಲ ಕೇಳಿಸಿಕೊಂಡಳು. ಮೂರನೆಯ ಸಲಕ್ಕೆ ತಟ್ಟೆಯಿಂದ ಕೈ ತೆಗೆದಳು.

"ಅಪ್ಪಾ, ನಿನ್ನ ದನಿ ಇದ್ದಿದ್ರೂ ನಗ್ತಿದ್ರು."

"ಏನು ಗೊತ್ತು ನಿಂಗೆ? ಕೇಳಿದ್ರೆ ತಾನೇ ನಗೋದು?"

"ಕೇಳಿದ್ರಲ್ಲ. ಶುರುವಿನಲ್ಲೇ ಬಂತಲ್ಲ ನಿನ್ನ ದನಿ, ಎಲ್ಲಾ ಕಾಲ್ಪನಿಕ ಅಂತ." ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಆಗ ಒಬ್ರು ನಕ್ಕಿದ್ದು ನಿಂಗೂ ಕೇಳಿಸಿರ್ಬೇಕು. ಅದು ನಾನು. ತಡೆಯೋಕಾಗ್ಲಿಲ್ಲ ಅಪ್ಪಾ."

ಹೆಂಡತಿ "ಏಯ್, ಸಾಕು ಸುಮ್ನಿರೇ" ಎಂದು ಗದರಿದಳು. ಅವರು ಪತ್ರಿಕೆ ಮಡಿಸಿಟ್ಟು, ಬಡಿಸಿದ್ದನ್ನೆಲ್ಲ ಉಂಡು ಮುಗಿಸಿದರು.

ಮರುವಾರ ಸ್ಟುಡಿಯೋದಿಂದ ಫೋನ್ ಬಂತು. ಎತ್ತಿದ ಹೆಂಡತಿಯ ಮುಖ ಅರಳಿತು. ಫೋನನ್ನು ಸೆರಗಿಗೆ ಒತ್ತಿಕೊಂಡು ಪಿಸುಗುಟ್ಟಿದಳು: "ರೀ, ನಿಮ್ಮ ದನಿ ಹಾಕಿ ಮತ್ತೆ ಬಿಡುಗಡೆ ಮಾಡ್ತಾರಂತೆ. ನಾಳೇನೇ ಬರ್ಬೇಕಂತೆ. ಬೇಗ ಮಾತಾಡಿ."

ಅವರು ಫೋನ್ ಕಿವಿಗಿಟ್ಟುಕೊಂಡರು. "ಹಲೋ, ದೇವ್ರಾ ಮಾತಾಡ್ತಿರೋದು?" ಎಂದು ಆ ಕಡೆಯಿಂದ ಕೇಳಿತು.

"ಅಲ್ಲ" ಎಂದರು ಅವರು, ಹೆಂಡತಿಯೂ ಎಂದೂ ಕೇಳಿರದ ಸಣ್ಣ ದನಿಯಲ್ಲಿ. "ರಾಂಗ್ ನಂಬರ್."